ಸಾಹೇಬನ ಹೆಸರು, ನಮ್ಮ ಅತ್ತೆಯ ಕೈ

ಇವತ್ತಿಗೂ ಯಾರಾದರೂ ನಮ್ಮ ಬಾಗಿಲಲ್ಲಿ ನಿಂತು ಬರೀ ಅಡ್ಡಹೆಸರು ಹಿಡಿದು "ಕಮ್ಮಾರ ಅವರ ಮನಿ ಇದ ಏನ್ರಿ?" ಎಂದು ಕೇಳಿದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಬಂದವನು ಅಂಚೆಯವನಿರಲಿ, ಹಾಲಿನವನಿರಲಿ, ನಾನು ತಟ್ಟನೆ ಉತ್ತರ ಕೊಡುವುದಿಲ್ಲ. ಮೊದಲು ಕಿಟಕಿಯಿಂದ ಅವನ ಕಾಲು ನೋಡುತ್ತೇನೆ, ಬೂಟು ಇದೆಯೋ ಚಪ್ಪಲಿ ಇದೆಯೋ ಎಂದು. ಮೊಮ್ಮಕ್ಕಳು ನಗುತ್ತಾರೆ. ನಗಲಿ. ನಲವತ್ತೆರಡನೇ ಇಸವಿಯಲ್ಲಿ ಅವರು ಇರಲಿಲ್ಲ.

ನಮ್ಮ ಕಡೆ ಅಡ್ಡಹೆಸರು ಯಾರೂ ಯೋಚಿಸಿ ಇಟ್ಟುಕೊಂಡದ್ದಲ್ಲ. ಹುಡುಗನನ್ನು ಸಾಲಿಗೆ ಹಚ್ಚಲು ಕರೆದೊಯ್ದಾಗ ಮಾಸ್ತರು "ಯಾವೂರು? ನಿಮ್ಮಪ್ಪ ಏನು ಮಾಡ್ತಾನು?" ಎಂದು ಕೇಳುತ್ತಿದ್ದರು. ಅವರ ಕಿವಿಗೆ ಯಾವುದು ಹಿಡಿಸಿತೋ ಅದನ್ನು ಬರೆದುಕೊಳ್ಳುತ್ತಿದ್ದರು. ಹೀಗೆ ಒಬ್ಬ ಊರ ಹೆಸರಿನಿಂದ ಮುಗದ ಆದ, ಇನ್ನೊಬ್ಬ ಬಡಿಗೇರ ಆದ, ಮತ್ತೊಬ್ಬ ಹೂಗಾರ ಆದ. ನಮ್ಮಜ್ಜನಿಗೆ ಧಾರವಾಡದ ಹತ್ತಿರದ ಹಳ್ಳಿ ಮುಗದದಲ್ಲಿ ಕುಲುಮೆ ಇತ್ತು. ಆದ್ದರಿಂದ ಅಪ್ಪ ಕಮ್ಮಾರ ಆದ. ಹೆಸರೇನೋ ಆಯಿತು, ಕಸುಬು ಮಾತ್ರ ಅಪ್ಪನ ಹತ್ತಿರ ಸುಳಿಯಲಿಲ್ಲ. ಗೋಡೆಗೆ ಮೊಳೆ ಹೊಡೆಯಲು ಹೋದರೆ ಮೊದಲ ಏಟು ತನ್ನ ಹೆಬ್ಬೆರಳಿಗೇ ಹಾಕಿಕೊಳ್ಳುವ ಮನುಷ್ಯ. ಓದಿ ಕನ್ನಡ ಸಾಲಿಯ ಮಾಸ್ತರನಾದ. ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಮನೆ ಹಿಡಿದ. ಅವ್ವ ನನಗೆ ತಿಳಿವಳಿಕೆ ಬರುವ ಮೊದಲೇ ಹೋಗಿದ್ದಳು. ಮನೆಯಲ್ಲಿ ನಾನು, ಅಪ್ಪ ಮತ್ತು ಅಪ್ಪನ ದಮ್ಮು. ಚಳಿಗಾಲ ಬಂತೆಂದರೆ ಅಪ್ಪ ಗೋಡೆಗೆ ಒರಗಿ ಕೂತು ಉಸಿರಿಗಾಗಿ ಒದ್ದಾಡುವುದನ್ನು ನೋಡುತ್ತ ಬೆಳೆದವಳು ನಾನು.

ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ, ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಮುಗದಕ್ಕೆ ಮರಳಿದ್ದಳು. ಕಮ್ಮಾರರ ಮನೆಯ ಹೆಂಗಸರು ತಿದಿ ಊದುವುದು, ಚಮ್ಮಟಿಗೆ ಎತ್ತಿ ಬಡಿಯುವುದು ಹೊಸದೇನಲ್ಲ. ಆದರೆ ಇಕ್ಕಳದಲ್ಲಿ ಕಾದ ಕಬ್ಬಿಣ ಹಿಡಿದು, ಅದನ್ನು ಇಟ್ಟು ಬಡಿಯುವ ಅಡಿಗಲ್ಲಿನ ಮುಂದೆ ಕೂಡುವುದು ಗಂಡಸಿನ ಕೆಲಸ. ಅಜ್ಜನ ಕಣ್ಣು ಮಂಜಾಗುತ್ತ ಬಂದ ಹಾಗೆ ಆ ಜಾಗದಲ್ಲಿ ಅತ್ತೆ ಕೂತಳು. ಅಜ್ಜ ತೀರಿಕೊಂಡ ಮೇಲೂ ಅಲ್ಲಿಂದ ಏಳಲಿಲ್ಲ. ಕೈ ಎಂದರೆ ಅವಳ ಕೈ. ಕುಡಗೋಲು, ಕೊಡಲಿ, ಸೌಟು ಏನೇ ಮಾಡಿದರೂ ಹಿಡಿಕೆಯ ತುದಿಯನ್ನು ಒಳಗೆ ಸುತ್ತಿ ಗೋಡೆಯ ಗೂಟಕ್ಕೆ ತೂಗುಹಾಕಲು ಬರುವಂತೆ ಒಂದು ಸುರುಳಿ ಬಿಡುತ್ತಿದ್ದಳು. ಆದರೆ ಒಲೆಯ ಮುಂದೆ ಅದೇ ಕೈ ಎಂಥ ಪೆದ್ದು ಆಗುತ್ತಿತ್ತೆಂದರೆ, ಅವಳು ಬಡಿದ ರೊಟ್ಟಿಯನ್ನು ನಾಯಿ ಕೂಡ ಮೂಸಿ ನೋಡಿ ಮುಂದೆ ಹೋಗುತ್ತಿತ್ತು. ಒಂದು ಕಡೆ ಹಸಿ, ಒಂದು ಕಡೆ ಇದ್ದಿಲು. ನಾವು ಹೋದಾಗ ಹಿಟ್ಟು ನಾದಲು ಕೂಡುವವಳು ನಾನೇ.

ಊರಿಗೆ ಅವಳ ಕೆಲಸ ಬೇಕಿತ್ತು, ಆದರೆ ಒಂದು ತೊಡಕಿತ್ತು. ಬಿತ್ತನೆಗೆ ಹೊರಡುವ ಕೂರಿಗೆಯ ಕಬ್ಬಿಣದ ಮೊನೆಗೆ, ಕುಡಕ್ಕೆ, ಗಂಡ ಸತ್ತವಳ ಕೈ ಸೋಕಬಾರದು ಎನ್ನುವವರು ಅವರು. ಅದಕ್ಕೆ ಊರವರೇ ಒಂದು ದಾರಿ ಮಾಡಿಕೊಂಡರು. ಅಪ್ಪ ರವಿವಾರ ರೈಲು ಹತ್ತಿ ಅಕ್ಕನನ್ನು ನೋಡಲು ಹೋಗುತ್ತಿದ್ದನಲ್ಲ, "ಮಾಸ್ತರು ರವಿವಾರ ಬಂದು ಬಡದು ಹೋಗ್ಯಾರ" ಎಂದುಬಿಟ್ಟರು. ಕುಲುಮೆಯ ಬಾಗಿಲು ಅರ್ಧ ಮುಚ್ಚಿರುತ್ತಿತ್ತು. ಒಳಗೆ ಅತ್ತೆ ಬಡಿಯುವಳು, ಅಪ್ಪ ಕೆಮ್ಮುತ್ತ ತಿದಿ ಊದುವನು. ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ವರ್ಷಗಟ್ಟಲೆ ಹೇಳಿ ಹೇಳಿ ಅದು ಅವರ ನಾಲಿಗೆಗೆ ಎಷ್ಟು ಒಗ್ಗಿಹೋಯಿತೆಂದರೆ, ಆ ಕುಲುಮೆಯ ಯಾವ ವಸ್ತು ಕಂಡರೂ "ಮಾಸ್ತರ್ದು" ಎನ್ನುವುದು ರೂಢಿಯಾಯಿತು. ನನಗೆ ಆಗ ಇದೆಲ್ಲ ತಮಾಷೆಯಾಗಿ ಕಾಣುತ್ತಿತ್ತು.

ನಾನು ಕಾಲೇಜಿಗೆ ಸೇರಿದೆ. ಕ್ಲಾಸಿನಲ್ಲಿ ಹುಡುಗಿಯರು ಬೆರಳೆಣಿಕೆಯಷ್ಟು. ಒಂದು ದಿನ ಇಂಗ್ಲಿಷಿನ ಪ್ರೊಫೆಸರು ಪಾಠ ಬಿಟ್ಟು ಇಂಗ್ಲಿಷರ ಅಡ್ಡಹೆಸರುಗಳ ಕಥೆಗೆ ಇಳಿದರು. ಅವರಲ್ಲೂ ನಮ್ಮಂತೆಯೇ, ಹಿಂದೆ ಒಬ್ಬ ಮಾಡುತ್ತಿದ್ದ ಕೆಲಸವೇ ಮುಂದೆ ಮನೆತನದ ಹೆಸರಾಯಿತಂತೆ. ಸ್ಮಿತ್ ಎಂದರೆ ಕಮ್ಮಾರ, ಪಾಟರ್ ಎಂದರೆ ಕುಂಬಾರ, ಕೂಪರ್ ಎಂದರೆ ಪೀಪಾಯಿ ಮಾಡುವವ. ಹುಡುಗರು ನನ್ನ ಕಡೆ ತಿರುಗಿ "ಮಿಸ್ ಸ್ಮಿತ್" ಎಂದು ಪಿಸುಗುಟ್ಟಿ ಹಲ್ಲು ಕಿಸಿದರು. ನನಗೆ ಸಿಟ್ಟು ನೆತ್ತಿಗೇರಿತು. ಆಮೇಲೆ ಪ್ರೊಫೆಸರು ಹೇಳಿದ್ದು ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಬ್ಯಾಕ್ಸ್ಟರ್ ಎಂಬ ಹೆಸರಿದೆ. ಬಹಳ ಹಿಂದೆ ಹಾಗೆಂದರೆ ಬ್ರೆಡ್ಡು ಸುಡುವ ಹೆಂಗಸು. ಆಗ ಬ್ರೆಡ್ಡು ಸುಟ್ಟು ಮಾರುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು. ನಿಧಾನವಾಗಿ ಕಸುಬಿಗೆ ಗಂಡಸರು ಬಂದರು, ಹೆಸರನ್ನೂ ತಾವೇ ಇಟ್ಟುಕೊಂಡರು. ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹೆಸರು ಹೋಯಿತು. ಮೊದಲು ಒಲೆಯ ಮುಂದೆ ಬೆಂದವಳು ಯಾರೆಂದು ಯಾರಿಗೂ ನೆನಪಿಲ್ಲದಾಯಿತು. ನನಗೆ ಕೂಡಲೇ ಮುಗದದ ಅರ್ಧ ಮುಚ್ಚಿದ ಬಾಗಿಲು ನೆನಪಾಯಿತು. ಎದ್ದುನಿಂತು ಹೇಳಬೇಕೆನಿಸಿತು. ಹುಡುಗರ ಹಲ್ಲು ನೋಡಿ ಸುಮ್ಮನೆ ಕೂತೆ.

ಮುಂದೆ ನಲವತ್ತೆರಡರಲ್ಲಿ ಇಂಗ್ಲಿಷರನ್ನು ಓಡಿಸುವ ಚಲೇಜಾವ್ ಚಳವಳಿ ಬಂತು. ಕಾಲೇಜು ಅರ್ಧ ಖಾಲಿ ಆಯಿತು. ಸಪ್ತಾಪುರದ ಬಾಡಿಗೆ ಖೋಲಿಗಳಲ್ಲಿದ್ದ ಹುಡುಗರು ಎಲ್ಲೆಲ್ಲಿ ಹೋದರೋ. ತಂತಿ ಕಡಿದರಂತೆ, ಹಳಿ ಕಿತ್ತರಂತೆ ಎಂಬ ಸುದ್ದಿ ದಿನಾ ಬರುತ್ತಿತ್ತು. ಮುಗದದ ಆಚೆ ಒಂದು ಕಡೆ ಹಳಿಯ ಬೋಲ್ಟುಗಳನ್ನು ಯಾರೋ ಬಿಚ್ಚಿದರು. ಯಾರಿಗೂ ಏನೂ ಆಗಲಿಲ್ಲ, ಗಾಡಿ ಮೊದಲೇ ನಿಂತಿತು. ಆದರೆ ಓಡುವ ಗಡಿಬಿಡಿಯಲ್ಲಿ ಅವರು ಪೊದೆಯಲ್ಲಿ ಒಂದು ಪಾನಾ ಬಿಟ್ಟುಹೋಗಿದ್ದರು. ಬೋಲ್ಟು ಬಿಚ್ಚಲೆಂದೇ ಉದ್ದ ಹಿಡಿಕೆ ಇಟ್ಟು ಕೈಯಿಂದ ಬಡಿದು ಮಾಡಿದ ಪಾನಾ. ಅದರ ತುದಿಯಲ್ಲಿ ಒಂದು ಸುರುಳಿ ಇತ್ತು.

ಪೊಲೀಸರು ಅದನ್ನು ಹಿಡಿದು ಮುಗದದ ಮನೆ ಮನೆಗೆ ಹೋದರು. ಒಬ್ಬ ಮುದುಕ, ಕೆಟ್ಟವನೇನಲ್ಲ, ಸುರುಳಿ ನೋಡಿದ್ದೇ ತಡ ರೂಢಿಯಂತೆ "ಮಾಸ್ತರ ಕುಲುಮಿದರಿ" ಎಂದುಬಿಟ್ಟ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡನಂತೆ. ಕಚ್ಚಿಕೊಂಡು ಏನು ಬಂತು?

ಮರುದಿನ ಬೆಳಿಗ್ಗೆ ನಾನು ಅಂಗಳಕ್ಕೆ ನೀರು ಹಾಕುತ್ತಿದ್ದೆ. "ಕಮ್ಮಾರನ ಮನಿ ಇದ ಏನು?" ಎಂದು ಯಾರೋ ಕೂಗಿದರು. ತಲೆ ಎತ್ತುವ ಮೊದಲು ನನಗೆ ಕಂಡದ್ದು ಬೂಟು, ಒಂದು ಸಾಲು ಬೂಟು. ಅಪ್ಪ ಸಾಲಿಗೆ ಹೊರಡಲು ಕೋಟು ಹಾಕಿಕೊಳ್ಳುತ್ತಿದ್ದ. ಅದೇ ಕೋಟಿನಲ್ಲಿ ಅವನನ್ನು ಕರೆದೊಯ್ದರು. ನನ್ನ ಕೈಯಿಂದ ಬಿದ್ದ ತಂಬಿಗೆ ಉರುಳುತ್ತ ಪೊಲೀಸರ ಮುಂದಾಳು ಫೌಜದಾರನ ಕಾಲಿನವರೆಗೆ ಹೋಯಿತು. ಅವನು ಅದನ್ನು ಎತ್ತಿ ನನಗೆ ಕೊಟ್ಟ. ಅದರಿಂದ ನನ್ನ ಭಯ ಇನ್ನೂ ಹೆಚ್ಚಾಯಿತು.

ಸುದ್ದಿ ತಿಳಿದು ಅತ್ತೆ ಮುಗದದಿಂದ ನಡೆದುಕೊಂಡೇ ಬಂದಳು. ಬಾಗಿಲು ಹಾಕಿ ಅವಳನ್ನು ಕೇಳಿದೆ:

"ಅತ್ತಿ, ಆ ಪಾನಾ ನೀ ಮಾಡಿದ್ದೇನು?"

"ಹೌದು. ಇಬ್ಬರು ಹುಡುಗ್ರು ಬಂದಿದ್ರು. ಗಾಣಕ್ಕ ಬೇಕು ಅಂದ್ರು."

"ನೀ ನಂಬಿದೇನು?"

"ಗಾಣಕ್ಕ ಅಷ್ಟುದ್ದ ಪಾನಾ ಯಾಕ ಬೇಕ ಅಂತ ನನಗ ತಿಳಿಯಂಗಿಲ್ಲೇನು? ತಿಳದ ಮಾಡಿ ಕೊಟ್ಟೇನಿ. ನಡಿ, ಠಾಣೇಕ್ಕ ಹೋಗೂಣು. ನಾನ ಮಾಡೇನಿ ಅಂತ ಹೇಳ್ತೇನಿ, ತಮ್ಮನ್ನ ಬಿಡ್ತಾರ."

ಅವಳನ್ನು ತಡೆದು, ಬುತ್ತಿ ಕಟ್ಟಿಕೊಂಡು ಮೊದಲು ನಾನೊಬ್ಬಳೇ ಅಪ್ಪನ ಹತ್ತಿರ ಹೋದೆ. ಪೊಲೀಸರ ದೊಡ್ಡ ಆವಾರದಲ್ಲಿ, ಕುದುರೆ ಲಾಯದ ಪಕ್ಕದ ಖೋಲಿಯಲ್ಲಿ ಅವನನ್ನು ಕೂಡಿಹಾಕಿದ್ದರು. ಒಂದೇ ದಿನಕ್ಕೆ ಹುಲ್ಲಿನ ಧೂಳಿಗೆ ಅಪ್ಪನ ಉಸಿರು ಸುಯ್ಯೆನ್ನುತ್ತಿತ್ತು. ಜೈಲಿಗೆ ಹೋದರೆ ಈ ಮನುಷ್ಯ ಒಂದು ಚಳಿಗಾಲ ದಾಟುವುದಿಲ್ಲ ಎಂದು ನನಗೆ ಅಲ್ಲೇ ಖಾತ್ರಿಯಾಯಿತು. ಅಪ್ಪ ಪಹರೆಯವನ ಕಡೆ ನೋಡಿ, ರೊಟ್ಟಿ ಮುರಿಯುತ್ತ, ಸಣ್ಣ ದನಿಯಲ್ಲಿ ಹೇಳಿದ:

"ಅಕ್ಕಗ ಬಾಯಿ ಮುಚ್ಚಕೊಂಡ ಇರಾಕ ಹೇಳವ್ವಾ. ನಾನ ಮಾಡೇನಿ ಅಂತ ಒಪ್ಪಿಕೊಂಡೇನಿ."

"ಅಪ್ಪಾ, ಏನ ಮಾಡಿದಿ ನೀನು!"

"ಆಕಿ ಕೈ ಹಿಡದು ಬೆಳದಾಂವ ನಾನು. ಆಕೀನ್ನ ಜೈಲಿಗೆ ಕಳಿಸಿ ನಾ ರೊಟ್ಟಿ ತಿನ್ನಲೇನು?"

ಮನೆಗೆ ಹೋಗಿ ಹೇಳಿದೆ. ಅತ್ತೆ ತಲೆ ತಲೆ ಚಚ್ಚಿಕೊಂಡಳು. ಅವಳು ನಿಜ ಹೇಳಿದರೆ ಅವಳು ಹೋಗುತ್ತಾಳೆ, ಹೇಳದಿದ್ದರೆ ಅಪ್ಪ ಹೋಗುತ್ತಾನೆ. ಬಹುಶಃ ಇಬ್ಬರನ್ನೂ ಒಯ್ಯುತ್ತಾರೆ. ಆ ದಿನಗಳಲ್ಲಿ ಓಣಿಯವರು ನಮ್ಮ ಮನೆ ದಾಟುವಾಗ ಆ ಬದಿಗೆ ಸರಿದು ನಡೆಯುತ್ತಿದ್ದರು. ಅವರ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ. ನಾನಾದರೂ ಹಾಗೇ ಮಾಡುತ್ತಿದ್ದೆ.

ಈ ನಡುವೆ ತನಿಖೆಗೆಂದು ಹೊರಗಿನಿಂದ ಒಬ್ಬ ಇಂಗ್ಲಿಷ್ ಸಾಹೇಬ ಬಂದಿದ್ದಾನೆ ಎಂದು ಪಹರೆಯವನು ಹೇಳಿದ. ಹೆಸರು ಬ್ಯಾಕ್ಸ್ಟರ್ ಅಂತೆ. ಆ ಹೆಸರು ಕಿವಿಗೆ ಬಿದ್ದಾಗ ನನಗೆ ಪ್ರೊಫೆಸರ ಮಾತು ನೆನಪಾಯಿತು. ನಮ್ಮ ಫೌಜದಾರನ ತಲೆಗೆ ಕಮ್ಮಾರ ಎಂದರೆ ಗಂಡಸು ಎಂಬುದು ಬಿಟ್ಟು ಬೇರೆ ಹೊಳೆಯುವಂತಿರಲಿಲ್ಲ. ಅದೊಂದೇ ನಮಗಿದ್ದ ಮರೆ. ಆದರೆ ಈ ಸಾಹೇಬ ತನ್ನ ಹೆಸರಿನ ಕಥೆ ತಿಳಿದವನಾಗಿದ್ದರೆ? ಗಂಡಸಿನ ಹೆಸರಿನೊಳಗೆ ಒಬ್ಬ ಹೆಂಗಸು ಇರಬಹುದು ಎಂಬುದು ಹುಟ್ಟಿನಿಂದಲೇ ಗೊತ್ತಿದ್ದವನಾಗಿದ್ದರೆ? ಪ್ರೊಫೆಸರು ಆ ಪಾಠ ಮಾಡದೇ ಹೋಗಿದ್ದರೆ ನನ್ನ ಭಯ ಅರ್ಧಕ್ಕರ್ಧ ಕಡಿಮೆ ಇರುತ್ತಿತ್ತು.

ಆ ದಿನ ಅತ್ತೆ ಹಟ ಹಿಡಿದಳು. ತಮ್ಮನನ್ನು ಒಮ್ಮೆ ಕಣ್ಣಾರೆ ನೋಡಬೇಕು, ಬಾಯಿ ಬಿಡುವುದಿಲ್ಲ ಎಂದು ನನ್ನ ತಲೆ ಮುಟ್ಟಿ ಆಣೆ ಮಾಡಿದಳು. ಬುತ್ತಿ ಹಿಡಿದು ಇಬ್ಬರೂ ಹೋದೆವು. ಲಾಯದ ಮುಂದೆ ಜನ ಸೇರಿತ್ತು. ಕುದುರೆಗಳಿಗೆ ಲಾಳ ಬಡಿಯಲು ಅಲ್ಲೊಂದು ಸಣ್ಣ ಕುಲುಮೆ ಇತ್ತು. ಅದಕ್ಕೆ ಬೆಂಕಿ ಹಾಕಿದ್ದರು. ಅಡಿಗಲ್ಲಿನ ಮುಂದೆ ಕೋಟು ತೆಗೆದು ನಿಂತವನು ನಮ್ಮಪ್ಪ.

ನಡೆದದ್ದು ಇಷ್ಟು. ಅಪ್ಪ ತಪ್ಪೊಪ್ಪಿಕೊಂಡಿದ್ದ, ಫೌಜದಾರನಿಗೆ ಅಷ್ಟು ಸಾಕಿತ್ತು. ಸಾಹೇಬ ಮಾತ್ರ ಅಪ್ಪನ ಅಂಗೈ ತಿರುಗಿಸಿ ನೋಡಿ, ಮಾಡಿದವನು ನೀನೇ ಆದರೆ ನನ್ನೆದುರು ಇನ್ನೊಂದು ಮಾಡು ಎಂದಿದ್ದ. ಪೊದೆಯಲ್ಲಿ ಸಿಕ್ಕ ಪಾನಾ ಅವನ ಪಕ್ಕದ ಮೇಜಿನ ಮೇಲಿತ್ತು. ಸಾಹೇಬ ವಯಸ್ಸಾದವನು, ತೆಳ್ಳಗಿದ್ದ, ಟೊಪ್ಪಿಗೆ ಮೊಣಕಾಲ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದ.

ಅಪ್ಪ ಇಕ್ಕಳದಿಂದ ಕಬ್ಬಿಣ ಹೊರಗೆಳೆದ. ದೇವರೇ, ಇವನಿಗೆ ಬರದಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಅಪ್ಪನ ಮುಖ ನೋಡಿದರೆ, ದೇವರೇ ಇದೊಂದು ಸಲ ಬರಲಿ ಎಂದು ಅವನು ಬೇಡುತ್ತಿರುವುದು ತಿಳಿಯುತ್ತಿತ್ತು. ಜೈಲಿಗೆ ಹೋಗಲು ಅಷ್ಟು ಶ್ರದ್ಧೆಯಿಂದ ದುಡಿದ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ. ಎತ್ತಿ ಎತ್ತಿ ಬಡಿದ. ಮೊದಮೊದಲು ಕೆಂಪಗಿದ್ದ ಕಬ್ಬಿಣ ಮೆತ್ತಗೆ ಸದ್ದು ಮಾಡಿತು. ಬರಬರುತ್ತ ಕೆಂಪು ಇಳಿಯಿತು. ಅಪ್ಪನಿಗೆ ಅದು ಗೊತ್ತಾಗಲಿಲ್ಲ. ಬಡಿಯುತ್ತಲೇ ಇದ್ದ. ಸದ್ದು ಠಣ್ ಠಣ್ ಎಂದು ಒಡೆದುಹೋಗುವಂತೆ ಬರತೊಡಗಿತು.

ಸೆರಗಿನೊಳಗೆ ನಾನು ಅತ್ತೆಯ ಮಣಿಕಟ್ಟು ಹಿಡಿದಿದ್ದೆ. ಒಂದೊಂದು ಏಟಿಗೂ ಅವಳ ಕೈ ನನ್ನ ಹಿಡಿತದೊಳಗೆ ಎಗರುತ್ತಿತ್ತು. ನಾನು ಉಗುರು ಊರಿ ಒತ್ತಿದೆ. ಏನೂ ಉಪಯೋಗವಾಗಲಿಲ್ಲ.

"ಕಾಸೋ ತಮ್ಮಾ, ಕಾಸು! ಕಪ್ಪಾತು ಅದು!"

ಆವಾರವೆಲ್ಲ ತಿರುಗಿ ನಮ್ಮ ಕಡೆ ನೋಡಿತು. ಅಪ್ಪನ ಕೈಯ ಸುತ್ತಿಗೆ ಮೇಲೆಯೇ ನಿಂತಿತು. ಅತ್ತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಹಾಗೆ ಮುಚ್ಚಿಕೊಂಡಾಗ ಸೆರಗು ಜಾರಿ ಮೊಣಕೈಯವರೆಗೆ ಅವಳ ಕೈಗಳು ಬಿಸಿಲಿಗೆ ಬಂದವು. ಕಿಡಿ ಸಿಡಿದು ಸಿಡಿದು ಆದ ಸಣ್ಣ ಸಣ್ಣ ಚುಕ್ಕೆಗಳು, ಜೋಳ ಚೆಲ್ಲಿದ ಹಾಗೆ, ಕೈತುಂಬ.

ಸಾಹೇಬ ಎದ್ದು ನಮ್ಮ ಹತ್ತಿರ ಬಂದ. ಫೌಜದಾರ ಹಿಂದೆಯೇ ಓಡಿಬಂದು ಅವನಿಗೆ ಇಂಗ್ಲಿಷಿನಲ್ಲಿ ಸಮಜಾಯಿಷಿ ಕೊಟ್ಟ. ಕಮ್ಮಾರರ ಹೆಂಗಸರು ತಿದಿ ಊದುವವರು, ಇಷ್ಟು ಅವರಿಗೆ ಗೊತ್ತಿರುತ್ತದೆ, ಇಕ್ಕಳ ಹಿಡಿಯುವವರಲ್ಲ ಎಂದ. ಅವನ ಅಹಂಭಾವಕ್ಕೆ ಆ ಕ್ಷಣ ನಾನು ಕೈ ಮುಗಿಯಲೂ ಸಿದ್ಧಳಿದ್ದೆ. ಸಾಹೇಬ ಅವನ ಕಡೆ ನೋಡಲಿಲ್ಲ. ಅತ್ತೆಯ ಕೈ ತೋರಿಸಿ, ಇವು ಏನು ಎಂದು ಕೇಳು ಎಂದು ಇಂಗ್ಲಿಷಿನಲ್ಲೇ ನನಗೆ ಹೇಳಿದ. ನಾನು ಕಾಲೇಜಿನವಳೆಂದು ಅವನಿಗೆ ಯಾರೋ ತಿಳಿಸಿದ್ದರೇನೋ. ನಾನು ಕೇಳಿದೆ.

"ರೊಟ್ಟಿ ಬಡದು ಸುಟ್ಟಾವ್ರಿ ಸಾಹೇಬ್ರ," ಎಂದಳು ಅತ್ತೆ. ಜನ್ಮದಲ್ಲಿ ಒಂದು ನೆಟ್ಟಗಿನ ರೊಟ್ಟಿ ಬಡಿಯದವಳು.

ನಾನು ಇಂಗ್ಲಿಷಿಗೆ ತಿರುಗಿಸಿದೆ. ನನ್ನ ದನಿ ಯಾರದೋ ದನಿಯಂತೆ ಕೇಳಿಸಿತು.

"ಬ್ರೆಡ್ಡೇ?" ಎಂದ ಸಾಹೇಬ. ನನ್ನ ಕೈಯಲ್ಲಿದ್ದ ಬುತ್ತಿಯ ಗಂಟು ನೋಡಿದ. ಮತ್ತೆ ಅವಳ ಕೈ ನೋಡಿದ. ಫೌಜದಾರನಿಗೆ, ಆ ಮನುಷ್ಯನ ಕೈಯಿಂದ ಸುತ್ತಿಗೆ ತೆಗೆದುಕೊಳ್ಳಿ, ತಲೆಗೆ ಬಡಿದುಕೊಂಡಾನು ಎಂದು ಹೇಳಿ ಕಳಿಸಿದ. ಅವನು ದೂರ ಹೋದ ಮೇಲೆ ನನ್ನನ್ನು ಕೇಳಿದ: "ನನ್ನ ಹೆಸರಿನ ಅರ್ಥ ಗೊತ್ತೇ ನಿನಗೆ?"

"ಇಲ್ಲ ಸರ್," ಎಂದೆ.

"ಬ್ರೆಡ್ಡು ಸುಡುವ ಹೆಂಗಸು. ನಮ್ಮಜ್ಜಿ ಹೇಳುತ್ತಿದ್ದಳು. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಗಂಡಸರು, ಒಬ್ಬರಿಗೂ ಬ್ರೆಡ್ಡು ಸುಡಲು ಬರುತ್ತಿರಲಿಲ್ಲ." ಆಮೇಲೆ ದನಿ ತಗ್ಗಿಸಿ ಅಂದ: "ಆದರೆ ಆ ಮೊದಲನೆಯವಳ ಕೈ ಹೀಗೆ ಇದ್ದಿರಲಾರದು. ಬ್ರೆಡ್ಡಿನಿಂದ ಕಿಡಿ ಹಾರುವುದಿಲ್ಲ."

ಮುಗಿಯಿತು ಎಂದುಕೊಂಡೆ. ಸಾಹೇಬ ತಿರುಗಿ ಹೋಗಿ ಕುರ್ಚಿಯಲ್ಲಿ ಕೂತು, ಮೇಜಿನ ಮೇಲಿದ್ದ ಪಾನಾದ ಸುರುಳಿಯ ಮೇಲೆ ಒಮ್ಮೆ ಬೆರಳಾಡಿಸಿದ. ಆಮೇಲೆ, ಇವನಿಂದ ಒಂದು ಗುಂಡುಸೂಜಿಯೂ ಆಗುವುದಿಲ್ಲ, ಬಿಟ್ಟುಬಿಡಿ ಎಂದ. ಸುತ್ತಲಿನವರು ನಕ್ಕರು. ಅಪ್ಪನಿಗೆ ಅವಮಾನವಾಗಿ ಕಣ್ಣಲ್ಲಿ ನೀರು ಬಂತು.

ಅದನ್ನು ನಾನು ಸಾಹೇಬನ ದಯೆ ಎಂದು ಹೇಳುವವಳಲ್ಲ. ಅದೇ ತಿಂಗಳು ಅವನ ಮಂದಿ ಎಷ್ಟೋ ಹುಡುಗರ ಬೆನ್ನು ಹೊಡೆದು ಹಣ್ಣು ಮಾಡಿದ್ದರು. ಕಮ್ಮಾರ ಎಂಬ ಹೆಸರಿನ ಗಂಡಸನ್ನು ಹಿಡಿದು ಕೊನೆಗೆ ಒಬ್ಬ ವಿಧವೆಯನ್ನು ಮೇಲಿನವರ ಮುಂದೆ ನಿಲ್ಲಿಸಿದರೆ ನಗೆಪಾಟಲು ಎಂದುಕೊಂಡನೋ, ಅಥವಾ ತನ್ನ ಮನೆತನದ ಆ ಹೆಂಗಸು ನೆನಪಾದಳೋ, ನನಗೆ ತಿಳಿಯದು. ಅವನಿಗೆ ಗೊತ್ತಾಗಿತ್ತು ಎಂಬುದೊಂದೇ ನನಗೆ ಗೊತ್ತು. ಗೊತ್ತಿದ್ದವನು ನಾಳೆ ಮನಸ್ಸು ಬದಲಿಸಬಹುದು.

ದಾರಿಯಲ್ಲಿ ಅಪ್ಪ ಮುಂದೆ, ನಾವು ಹಿಂದೆ. ಅತ್ತೆ ಕೇಳಿದಳು, "ಏನಂದಾ ಆ ಸಾಹೇಬ?"

"ರೊಟ್ಟಿ ಛಲೋ ಬಡೀತಿರಬೇಕು ನಿಮ್ಮತ್ತಿ ಅಂದಾ."

ಅತ್ತೆ ನನ್ನ ಮುಖವನ್ನೇ ನೋಡುತ್ತ ನಡೆದಳು. "ಅಂವಗ ತಿಳದೈತಿ," ಎಂದಳು.

ಅಂದಿನಿಂದ ಮುಗದದ ಕುಲುಮೆಗೆ ಬೆಂಕಿ ಬೀಳಲಿಲ್ಲ. ಅತ್ತೆ ಮಣಿಕಟ್ಟಿನವರೆಗೆ ತೋಳಿರುವ ಕುಪ್ಪಸ ಹೊಲಿಸಿಕೊಂಡಳು, ಬೇಸಿಗೆಯಲ್ಲೂ ಅದನ್ನೇ ತೊಟ್ಟಳು. ಊರವರು ಅವಳನ್ನು ಕಾಪಾಡಲೆಂದು ಹೊಸ ರೂಢಿ ಕಲಿತರು. ಹೊರಗಿನವರು ಯಾರೇ ಬಂದು ಕೇಳಲಿ, ಮಾಸ್ತರ ಅಕ್ಕ ರೊಟ್ಟಿ ಬಡಿದು ಹೊಟ್ಟೆ ಹೊರೆಯುವ ಬಡವಿ ಎನ್ನುವರು. ಅಡಿಗಲ್ಲನ್ನು ಹಿತ್ತಿಲಲ್ಲಿ ಹೂತು ಅದರ ಮೇಲೆ ತುಳಸಿ ಹಚ್ಚಿದ್ದಳು. ನಾನು ಹೋದಾಗ ಅವಳು ಅಲ್ಲಿ ಕೂತು ಬಲಗೈಯನ್ನು ಸುಮ್ಮನೆ ಮೊಣಕಾಲ ಮೇಲೆ ಬಡಿದುಕೊಳ್ಳುತ್ತಿದ್ದಳು. ಕೆಲಸವಿಲ್ಲದೆ ಆ ಕೈ ಬೇಗ ಸೊರಗಿತು. ಸರಕಾರ ಬದಲಾಗುವುದನ್ನು ಕಾಣದೆ ಒಂದು ಮಳೆಗಾಲದಲ್ಲಿ ಅವಳು ಹೋದಳು.

ಹೆಣದ ಸುತ್ತ ಊರವರು ಕೂತಿದ್ದರು. ಅವರಲ್ಲಿ ಅವಳು ಬಡಿದ ಕುಡ ಹಿಡಿದು ಬಿತ್ತದವರು ಒಬ್ಬರೂ ಇರಲಿಲ್ಲ. ಬಾಗಿಲಲ್ಲಿ, ಊರಿನ ಸುದ್ದಿ ಸರಕಾರಕ್ಕೆ ಮುಟ್ಟಿಸುವ ಪೊಲೀಸ್ ಪಾಟೀಲ ನಿಂತಿದ್ದ. ಅದಕ್ಕೋ, ನಾಲಿಗೆಗೆ ಒಗ್ಗಿಹೋಗಿತ್ತು ಅದಕ್ಕೋ, ಅಂದು "ಮಾಸ್ತರ ಕುಲುಮಿದು" ಎಂದಿದ್ದ ಅದೇ ಮುದುಕ ಕಣ್ಣೊರೆಸಿಕೊಳ್ಳುತ್ತ ಅಪ್ಪನಿಗೆ ಹೇಳಿದ:

"ಎಂಥಾ ಕೈರಿ ಮಾಸ್ತರ ಅದು! ಅಂಥಾ ರೊಟ್ಟಿ ಇನ್ನ ಯಾರು ಬಡದಾರು?"

ಅಪ್ಪ ನನ್ನ ಕಡೆ ನೋಡಿದ. ನಾನು ಬಾಗಿಲ ಕಡೆ ನೋಡಿದೆ. ಪಾಟೀಲನ ಕಾಲಲ್ಲಿ ಬೂಟು ಇತ್ತು.

"ಹೌದ್ರಿ," ಎಂದ ಅಪ್ಪ. "ರೊಟ್ಟಿ ಭಾಳ ಛಲೋ ಬಡೀತಿದ್ಲು ನಮ್ಮಕ್ಕ."